ನಿಲ್ಲಿಸಿ ನೋಡುವ ಡಾಕ್ಟರು

ದಾವಣಗೆರೆಯ ಆ ಡಾಕ್ಟರು ಕಾಲು ನೋಡಲು ಯಾರನ್ನೂ ಮಲಗಿಸುತ್ತಿರಲಿಲ್ಲ. “ನಿಂತ್ಕಳ್ರಿ, ನಿಂತಾಗ್ಲೇ ನರದ ಬಣ್ಣ ಬಯಲಾಗೋದು” ಎನ್ನುತ್ತ ತಾವು ನೆಲದ ಮೇಲೆ ಕೂರುತ್ತಿದ್ದರು.

ಹರಿಹರದಲ್ಲಿ ದಿನವಿಡೀ ನಿಂತು ಮಿರ್ಚಿ ಕರಿಯುವ ನಮ್ಮತ್ತೆಯ ಕಣಕಾಲಿನ ಹುಣ್ಣಿಗೆ ನಾವು ವರ್ಷಗಟ್ಟಲೆ ಬರೀ ಮುಲಾಮು ಹಚ್ಚಿ, ಕೊನೆಗೆ ಇವರ ಬಳಿ ಕರೆತಂದೆವು. ಡಾಕ್ಟರಮ್ಮ ಪಾದದ ಬಳಿ ಬಗ್ಗಿದ್ದೇ ತಡ, ಅತ್ತೆ ನಮಸ್ಕಾರವೆಂದುಕೊಂಡು ಅವರ ತಲೆ ಮೇಲೆ ಕೈಯಿಟ್ಟರು.

“ನೂರ್ ವರ್ಷ ಬಾಳವ್ವ.”

“ಆಶೀರ್ವಾದ ಆಮ್ಯಾಲೆ ಮಾಡ್ರಿ” ಎಂದರು ಡಾಕ್ಟರು, ಸ್ಕ್ಯಾನ್ ಮಾಡುತ್ತಲೇ. “ರಕ್ತ ಮ್ಯಾಲೆ ಹತ್ತದೆ ಕೆಳಗೇ ನಿಂತೈತೆ. ಹುಣ್ಣು ಹೆಂಗೆ ಮಾಯತ್ತೆ?”

ಲೇಸರಿನಿಂದ ಆ ಕೆಟ್ಟ ರಕ್ತನಾಳ ಮುಚ್ಚಿ, ಬಿಗಿ ಕಾಲುಚೀಲ ಹಾಕಿಸಿದರು. ಹುಣ್ಣು ಮಾಯಿತು.

ಕೊನೆಯ ಭೇಟಿಯಲ್ಲಿ ಆ ಕಾಲನ್ನು ತಾವೇ ಕಡೆದ ಮೂರ್ತಿಯಂತೆ ಹೆಮ್ಮೆಯಿಂದ ತಿರುಗಿಸಿ ನೋಡಿದವರು ನೆಲದಿಂದ ಏಳಲೇ ಇಲ್ಲ.

“ಈಗ ಮಾಡ್ರಿ” ಎಂದು ತಲೆ ಬಗ್ಗಿಸಿದರು.