ಠಾಣೆಗೆ ಮೊದಲ ಫೋನು

ನಿನ್ನೆ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಬೀದಿಯ ಟೈಲರ್ ಅಕ್ಕ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಪೊಲೀಸ್ ಠಾಣೆಗೆ ಫೋನ್ ಮಾಡಿದಳು. ಸೈಕಲ್ ಕಳುವಾಗಲಿ, ಯಾರದೋ ಬೀಗ ಮುರಿಯಲಿ, ಮೊದಲ ಫೋನು ಅವಳದೇ. ಸೂಜಿಯ ನಡುವಿನ ಮಾತೂ ಠಾಣೆಯವರಿಗೆ ಅರ್ಥವಾಗುತ್ತದೆ. “ಊರ ಉಸಾಬರಿ ನಿನಗ್ಯಾಕೆ?” ಎಂದು ಗಂಡ ಗೊಣಗಿದರೆ, “ಕಂಡದ್ದು ಹೇಳೋದು ಉಸಾಬರಿ ಅಲ್ಲ ರೀ, ಕಾನೂನು” ಎನ್ನುತ್ತಾಳೆ. ನಿನ್ನೆ ಕೇಳಿದ್ದು ಎದುರು ಮನೆಯ ಸೊಸೆಯ ಕಿರುಚಾಟ. “ಅಕ್ಕಾ, ಇವತ್ತು ಇದಕ್ಕೆ ಫೋನ್ ಮಾಡಿದವರಲ್ಲಿ ನೀವು ನಾಲ್ಕನೆಯವರು. ಜೀಪು ಹೊರಟಾಯ್ತು” ಎಂದರು ಠಾಣೆಯವರು. ಸೋತ ಅಕ್ಕ ಸೂಜಿ ತೆಗೆದು ನಕ್ಕಳು. ಸೊಸೆಯ ಜೀವ ಉಳಿಯಿತು. ಹಿಂದೊಮ್ಮೆ ಅಕ್ಕನ ತಂಗಿ ಗಂಡನ ಹೊಡೆತಕ್ಕೆ ಸತ್ತಾಗ, “ಕಿರುಚಾಟ ಕೇಳಿ ಎಷ್ಟು ಜನ ಫೋನ್ ಮಾಡಿದ್ರು?” ಎಂದು ವಕೀಲರು ಕೇಳಿದ್ದರು. ಕಟಕಟೆಯಲ್ಲಿ ನಿಂತು ಅಕ್ಕ ಹೇಳಿದ್ದಳು: “ಸೊನ್ನೆ.”