ಅಡ್ಡ ನಿಂತ ತಿರುಪು

ಊಟವಾದ ಮೇಲೆ ಒಂದು ಗಳಿಗೆ ಬೆನ್ನು ಚಾಚೋಣವೆಂದು ಕೋವಿ ರಿಪೇರಿಯವರು ಬೆಂಚಿನಿಂದ ಏಳುವಷ್ಟರಲ್ಲಿ ಗರಗಸದ ಮಿಲ್ಲಿನ ಯಜಮಾನಿ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ಹಳೆಯ ಬೆಡ್‌ಶೀಟು ಸುತ್ತಿದ ಜೋಡಿನಳಿಗೆ ಕೋವಿ.

"ಅಣ್ಣಾ, ಇದು ಬಾಯೇ ಬಿಡ್ತಿಲ್ಲ. ಸಿಟ್ಟು ಬಂದಾಗ ನಮ್ಮತ್ತೆ ಕೂರ್ತಿದ್ರಲ್ಲ, ಹಂಗೆ. ಲಿವರ್ ಒತ್ತಿ ಒತ್ತಿ ಹೆಬ್ಬೆರಳು ಬಾತ್ಕೊಂಡಿದೆ ನೋಡಿ."

ಮೇಲಿನ ಲಿವರನ್ನು ಪಕ್ಕಕ್ಕೆ ತಳ್ಳಿದರೆ ಒಳಗಿನ ಅಗುಳಿ ಹಿಂದೆ ಸರಿದು, ನಳಿಗೆಗಳು ಕೆಳಗೆ ಬಾಗಬೇಕು. ರಿಪೇರಿಯವರೂ ಒತ್ತಿ ನೋಡಿದರು. ಕೂದಲೆಳೆಯಷ್ಟೂ ಜರುಗಲಿಲ್ಲ.

ಕೋವಿ ಅವರಿಗೆ ಗೊತ್ತಿದ್ದದ್ದೇ. ಯಜಮಾನಿಯ ಮಾವನ ಕಾಲದ್ದು, ಒಂದೊಂದು ತುಂಡನ್ನೂ ಕೈಯಲ್ಲೇ ಅರ ಹಾಕಿ ಕೂಡಿಸಿದ್ದು. ಮೂರು ತಿಂಗಳ ಹಿಂದಷ್ಟೇ ತಾವೇ ಪೂರ್ತಿ ಬಿಚ್ಚಿ, ಎಣ್ಣೆ ಕೊಟ್ಟು, ಜೋಡಿಸಿ ಕಳಿಸಿದ್ದರು.

"ಒಳಗೆ ತೋಟಾ ಇದೆಯಾ?"

"ಅಯ್ಯೋ, ಅದನ್ನ ತೆಗೆದು ನೋಡೋಕೇ ಅಲ್ವಾ ಆಗ್ತಿಲ್ಲ! ಮಂಗ ಓಡಿಸೋಕೆ ಮೊನ್ನೆ ತುಂಬಿಸಿದ ನೆನಪು."

ರಿಪೇರಿಯವರು ಕೋವಿಯನ್ನು ಚರ್ಮದ ತುಂಡು ಹಾಕಿದ ಬೆಂಚಿನ ಇಕ್ಕಳಕ್ಕೆ ಕಚ್ಚಿಸಿ, ನಳಿಗೆಗಳ ತುದಿಯನ್ನು ಮೂಲೆಯ ಮರಳಿನ ಚೀಲದ ಕಡೆ ತಿರುಗಿಸಿದರು. ಪಕ್ಕದಲ್ಲೇ ನಿಂತು, ಉದ್ದನೆಯ ತೆಳು ಮರದ ಕಡ್ಡಿಯನ್ನು ಬಲ ನಳಿಗೆಗೆ ಇಳಿಸಿದರು, ತಳ ಮುಟ್ಟಿತು. ಎಡದ್ದರಲ್ಲಿ ನಾಲ್ಕು ಬೆರಳು ಮೊದಲೇ ನಿಂತಿತು. ತೋಟಾ ಇದೆ. ಅಂದರೆ ಸುತ್ತಿಗೆ ಮುಟ್ಟುವಂತಿಲ್ಲ, ಕುಟ್ಟುವಂತಿಲ್ಲ.

ಪರದೆಯ ಹಿಂದೆ ಹೆಂಡತಿಯ ಹೊಲಿಗೆ ಮಿಷಿನ್ ಓಡುತ್ತಿತ್ತು. ಎರಡು ವರ್ಷದಿಂದ ಅವಳದ್ದು ಒಂದೇ ಮಾತು: ಕಣ್ಣು ಮಬ್ಬಾಗಿದೆ, ಸಾಕು ಮಾಡಿ. ಅವರದ್ದೂ ಒಂದೇ ಉತ್ತರ: "ನನ್ನ ಕೈಯಿಂದ ಒಂದೇ ಒಂದು ಕೋವಿ ಕೆಡಲಿ, ಅವತ್ತೇ ಬಾಗಿಲು ಹಾಕ್ತೀನಿ." ನಲವತ್ತೊಂದು ವರ್ಷದಲ್ಲಿ ಆ ದಿನ ಬಂದಿರಲಿಲ್ಲ. ಹಾಗಂತ ಅವರು ಅಂದುಕೊಂಡಿದ್ದರು.

ಎಣ್ಣೆ ಅಂಟುಗಟ್ಟಿರಬಹುದೆಂದು ಲಿವರಿನ ಬುಡಕ್ಕೆ ಎರಡು ಹನಿ ಸೀಮೆಎಣ್ಣೆ ಬಿಟ್ಟು ಕಾದರು. ಎದುರಿನ ಸೈಕಲ್ ಅಂಗಡಿಯವನು ಒಂದು ಚಕ್ರದ ಪಂಕ್ಚರು ಮುಗಿಸಿದ. ಲಿವರ್ ಜಪ್ಪಯ್ಯ ಅನ್ನಲಿಲ್ಲ. ಆಮೇಲೆ, ಕಣ್ಣನ್ನು ನಂಬದೆ, ಉಗುರಿನ ತುದಿಯನ್ನು ತಿರುಪುಗಳ ತಲೆಯ ಮೇಲೆ ಓಡಿಸಿದರು.

ಅವರ ಕೈದಾಟಿದ ಕೋವಿಯಲ್ಲಿ ಪ್ರತಿ ತಿರುಪಿನ ತಲೆಯ ಗೆರೆಯೂ ನಳಿಗೆಗೆ ನೇರವಾಗಿ ನಿಲ್ಲುತ್ತದೆ. ಗುರು ಕಲಿಸಿದ ಶಿಸ್ತು. ಕೈಯಲ್ಲಿ ಮಾಡಿದ ತಿರುಪು ತನ್ನದೇ ತೂತಿನಲ್ಲಿ ಮಾತ್ರ ಹಾಗೆ ನಿಲ್ಲುವುದು. ಲಿವರಿನ ಮುಂದಿನ ತಿರುಪಿನ ಗೆರೆ ಅಡ್ಡ ನಿಂತಿತ್ತು. ಹಿಂದಿನದ್ದು ಓರೆಯಾಗಿತ್ತು.

ಅವಳಿ ಮಕ್ಕಳಂಥ ಎರಡು ತಿರುಪು. ಹಿಂದಿನ ತೂತಿಗೆ ಸೇರಿದ್ದು ಮಾತ್ರ ಅಕ್ಕಿಕಾಳಿನ ಅರ್ಧದಷ್ಟು ಹೆಚ್ಚು ಉದ್ದ. ಅದನ್ನು ಮುಂದೆ ಹಾಕಿದರೆ ತುದಿ ಅಗುಳಿಗೆ ತಾಗುತ್ತದೆ. ಮೊದಮೊದಲು ಸ್ವಲ್ಪ ಬಿಗಿ, ತಾಗಿ ತಾಗಿ ಅಗುಳಿಯಲ್ಲಿ ಗಾಯ, ಕೊನೆಗೆ ಪೂರ್ತಿ ಕಚ್ಚು.

ಮುಂದಿನ ತಿರುಪನ್ನು ಎರಡು ಸುತ್ತು ಸಡಿಲಿಸಿದರು. ಲಿವರ್ ನಿಟ್ಟುಸಿರಿಟ್ಟಂತೆ ಸರಿಯಿತು, ಕೋವಿ ಬಾಯಿ ಬಿಟ್ಟಿತು. ಎಡ ನಳಿಗೆಯಿಂದ ಕೆಂಪು ತೋಟಾ ತೆಗೆದು ಯಜಮಾನಿಯ ಅಂಗೈಗೆ ಹಾಕಿದರು.

"ಅಬ್ಬಾ, ಹೋದ ಜೀವ ಬಂತು! ಏನಾಗಿತ್ತಣ್ಣಾ?"

"ತಿರುಪು ಅದಲುಬದಲಾಗಿದೆ."

"ಹಂಗಾದ್ರೆ ನನ್ನ ಮೈದುನಂದೇ ಕೆಲಸ ಬಿಡಿ. ಸ್ಕ್ರೂಡ್ರೈವರ್ ಸಿಕ್ರೆ ಗಡಿಯಾರನೂ ಬಿಡಲ್ಲ, ಮಿಕ್ಸೀನೂ ಬಿಡಲ್ಲ. ಇವತ್ತು ಮನೇಲಿ ಗ್ರಹಚಾರ ಬಿಡಿಸ್ತೀನಿ."

ಪರದೆಯ ಹಿಂದೆ ಮಿಷಿನ್ ನಿಂತಿತು.

ಒಂದು 'ಹೂಂ' ಅಂದಿದ್ದರೆ ಸಾಕಿತ್ತು. ತಿರುಪಿನ ತಲೆ ಮಾತ್ರ ಎಲ್ಲೂ ತರಚಿರಲಿಲ್ಲ. ಮನೆಯ ಸ್ಕ್ರೂಡ್ರೈವರ್ ಹಾಕಿದ್ದರೆ ಅಂಚು ಹರಿದುಹೋಗುತ್ತಿತ್ತು. ಈ ಗೆರೆಗೆ ಸರಿಹೊಂದುವಂತೆ ಸಾಣೆ ಹಿಡಿದ ಸ್ಕ್ರೂಡ್ರೈವರ್ ಇದ್ದದ್ದು ಅವರ ಬೆಂಚಿನ ಮೇಲೆ ಮಾತ್ರ.

"ಅವನನ್ನ ಬೈಬೇಡಿ ಅಮ್ಮ. ಅವನು ಮುಟ್ಟಿಲ್ಲ. ನಾನೇ ಹಾಕಿದ್ದು."

ಯಜಮಾನಿ ಅವರ ಮುಖ ನೋಡಿದರು, ಆಮೇಲೆ ತೋಟಾ ನೋಡಿದರು. "ವಯಸ್ಸಾಯ್ತಲ್ಲ ಅಣ್ಣಾ," ಎಂದಷ್ಟೇ ಅಂದರು. ಅದು ಬೈಗುಳಕ್ಕಿಂತ ಭಾರವಾಗಿತ್ತು. ರಿಪೇರಿಯವರು ತಿರುಪುಗಳನ್ನು ಅವುಗಳ ಜಾಗಕ್ಕೆ ಹಾಕಿ, ಗೆರೆ ನೇರ ನಿಂತದ್ದನ್ನು ಉಗುರಿನಿಂದ ಎರಡು ಸಲ ನೋಡಿದರು. "ಅಗುಳಿ ಗಾಯ ಆಗಿದೆ. ಪಕ್ಕದ ಊರಿನ ರಿಪೇರಿಯವನ ಹತ್ರ ತೋರಿಸಿ. ಅಲ್ಲಿವರೆಗೂ ತುಂಬಿಸ್ಬೇಡಿ."

ಯಜಮಾನಿ ಹೋದ ಮೇಲೆ ಹೆಂಡತಿ ಪರದೆ ಸರಿಸಿ ಬಂದಳು. ಎರಡು ವರ್ಷ ಕೇಳಿದ್ದು ಕೈಗೆ ಸಿಕ್ಕಿತ್ತು; ಅವಳ ಮುಖದಲ್ಲಿ ಗೆದ್ದವಳ ಕಳೆ ಇರಲಿಲ್ಲ.

"ಬಾಗಿಲು ಎಳೀಲಾ?"

"ಎಳಿ. ಆ ಕೆಲಸದ ಪುಸ್ತಕ ಕೊಡು."

"ಇನ್ಯಾಕೆ ಅದು?"

"ಈ ಕೋವಿ ಆದ್ಮೇಲೆ ಇನ್ನೂ ಏಳು ಬಿಚ್ಚಿದ್ದೀನಿ ಕಣೇ."

ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ಪುಟ ತಿರುವಿದಳು. ಮಲಗಬೇಕೆಂದಿದ್ದ ಬೆನ್ನನ್ನು ಅವರು ಗೋಡೆಗೆ ಒರಗಿಸಿದರು. ಅವಳು ಗಿರಾಕಿಯ ನಂಬರಿನ ಒಂದೊಂದೇ ಅಂಕಿ ಓದಿದಳು, ಅವರು ಫೋನಿನ ಒಂದೊಂದೇ ಗುಂಡಿ ಒತ್ತಿದರು.

"ಹಲೋ, ಕೋವಿ ರಿಪೇರಿಯವನು ಮಾತಾಡೋದು. ನಿಮ್ಮ ಕೋವಿ ಲಿವರ್ ಬಿಗಿ ಆಗ್ತಾ ಇದೆಯಾ?... ಇಲ್ವಾ. ಆದ್ರೂ ಉಪಯೋಗಿಸ್ಬೇಡಿ ಸ್ವಾಮಿ. ತಿರುಪಿನ ಗೆರೆ ಹೆಂಗಿದೆ ನೋಡಿ ಹೇಳಿ, ನಾನು ಲೈನಲ್ಲೇ ಇರ್ತೀನಿ."