ಹತ್ತು ಗಂಟೆಯ ಇಲಿಗಳು

ಆ ಬುಧವಾರ ಬೆಳಿಗ್ಗೆ ನನ್ನ ಗಂಡ ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಂಡರು. ರೆಕಾರ್ಡ್ ಬುಕ್ಕಿಗೆ ಹೊದಿಕೆ ಹಾಕಿ, ಮೂಲೆ ಸರಿಯಾಗಿ ಕೂತಿಲ್ಲವೆಂದು ಬಿಚ್ಚಿ ಮತ್ತೆ ಹಾಕಿದರು. ಮಗಳು, "ಹೋಮ್‌ವರ್ಕ್ ಮುಗೀತಾ ಅಪ್ಪ? ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸ್ತಾರೆ ನೋಡು" ಅಂದಳು. ಅವರು ನಕ್ಕರು. ಐವತ್ತೆರಡನೆಯ ವಯಸ್ಸಿನಲ್ಲಿ ಈ ಓದು ಬೇಕಿತ್ತೇ ಎಂದು ಗೊಣಗುತ್ತಾ ನಾನು ಪಾತ್ರೆ ತಿಕ್ಕಿದೆ.

ಅವರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಅಟೆಂಡರ್. ಇಪ್ಪತ್ತೆರಡು ವರ್ಷ, ಭಾನುವಾರವೂ ತಪ್ಪದೆ, ಬೆಳಿಗ್ಗೆ ಹತ್ತು ಹೊಡೆದ ಮೇಲೆ ಬಿಳಿ ಇಲಿಗಳಿಗೆ ಕಾಳು ಹಾಕಿದವರು. ನೌಕರರೂ ಮೊದಲ ವರ್ಷದ ಒಂದು ತರಗತಿಗೆ ಸೇರಬಹುದೆಂದು ಆ ವರ್ಷ ನಿಯಮ ಬಂತು. ಇವರು ಪರಿಸರ ಮತ್ತು ಪ್ರಾಣಿಗಳ ನಡವಳಿಕೆಯ ತರಗತಿಗೆ ಸೇರಿದರು. ಹಿಂದಿನ ಬೆಂಚು, ಸುತ್ತಲೂ ಮಗಳ ವಯಸ್ಸಿನವರು.

ಅದನ್ನು ಕಲಿಸಲು ಪ್ರೊಫೆಸರ್ ಅಂತ ಒಬ್ಬನಿದ್ದಾನೆ. ಇಲಿ ರಾತ್ರಿಯ ಪ್ರಾಣಿ, ಆದರೆ ಇಲ್ಲಿಯವು ಹಗಲು ಹತ್ತಕ್ಕೆ ಎದ್ದು ಗೂಡಿನ ಬಾಗಿಲಿಗೆ ಬರುತ್ತವೆ, ಅದು ಈ ತಳಿಯ ಹುಟ್ಟುಗುಣ ಎಂಬುದು ಅವನ ಸಂಶೋಧನೆ. ಅದರಿಂದಲೇ ಅವನಿಗೆ ಬಡ್ತಿ, ದೊಡ್ಡ ಕೋಣೆ. ಇಲಿಮನೆಗೆ ಮಾತ್ರ ಕಾಲಿಟ್ಟವನಲ್ಲ. ವಾಸನೆ ಅವನಿಗೆ ಆಗದು. ವಿದ್ಯಾರ್ಥಿಗಳು ಬರೆದು ತಂದ ಪಟ್ಟಿ ನೋಡಿಯೇ ಪಂಡಿತನಾದವನು.

ಕಾಳು ಬೀಳುವ ಹೊತ್ತು ಅವಕ್ಕೆ ಗೊತ್ತು, ಅದಕ್ಕೇ ಬಂದು ಕಾಯುತ್ತವೆ ಎಂದು ನನ್ನ ಗಂಡ ರೆಕಾರ್ಡಿನಲ್ಲಿ ಬರೆದರು. ಅದಕ್ಕೆ ಪ್ರೊಫೆಸರ್ ಸಹಿ ಬೀಳದೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವನು ಎರಡು ಸಲ ಹಿಂದಿರುಗಿಸಿದ್ದ. ಎಲ್ಲರಂತೆ ಬರೆದುಕೊಟ್ಟು ಸಹಿ ತನ್ನಿ ಎಂದು ನಾನೂ ಹೇಳಿದ್ದೆ.

"ಕಂಡಿದ್ದನ್ನ ಬಿಟ್ಟು ಬೇರೆ ಏನು ಬರೀಲಿ ಹೇಳು" ಅಂದಿದ್ದರು.

ಬುಧವಾರ ಮೂರನೆಯ ಸಲ. ತರಗತಿಯ ಎದುರಿಗೇ ಅವನು, "ನೀನು ಬಾಟಲಿ ತೊಳಿಯೋದು ಕಲಿ, ಸಾಕು" ಅಂದನಂತೆ. ಇವರು ಮನೆಗೆ ಬಂದು ಹೇಳಿಕೊಂಡರು, ಊಟ ಮಾಡಿದರು, ಮಲಗಿದರು. ಗುರುವಾರ ಬೆಳಿಗ್ಗೆ ಏಳಲಿಲ್ಲ. ಹೃದಯ ನಿಂತಿದೆ ಎಂದರು ಡಾಕ್ಟರು. ಪ್ರೊಫೆಸರ್ ಸಂತಾಪದ ಪತ್ರ ಕಳಿಸಿದ. ಅದಕ್ಕೆ ಸಹಿ ತಕ್ಷಣ ಬಿದ್ದಿತ್ತು.

ಆಮೇಲೆ ಕಾವಲುಗಾರ ಸಂಜೆ ಕೆಲಸಕ್ಕೆ ಬಂದಾಗ ಕಾಳು ಹಾಕತೊಡಗಿದ. ಮೂರು ವಾರದಲ್ಲಿ ಹುಟ್ಟುಗುಣ ಮಾಯ. ವಿದ್ಯಾರ್ಥಿಗಳು ಹತ್ತಕ್ಕೆ ಪೆನ್ನು ಹಿಡಿದು ನಿಂತರೆ ಇಲಿಗಳು ಮುದುರಿಕೊಂಡು ನಿದ್ದೆ. ಪ್ರೊಫೆಸರ್ ನನ್ನನ್ನು ಕರೆಸಿ, ನಿನ್ನ ಗಂಡ ಕಾಳಿಗೆ ಏನು ಬೆರೆಸುತ್ತಿದ್ದ ಎಂದು ಕೇಳಿದ.

ಚೀಲದಲ್ಲಿ ತಂದಿದ್ದ ರೆಕಾರ್ಡ್ ಬುಕ್ಕನ್ನು ಅವನ ಮೇಜಿನ ಮೇಲಿಟ್ಟೆ. "ಉತ್ತರ ಇದರಲ್ಲಿದೆ ಸಾರ್. ಓದಿ ಸಹಿ ಹಾಕಿ."

ಸತ್ತವನಿಗೆ ಯಾವ ಪರೀಕ್ಷೆ ಎಂದ.

"ಬದುಕಿದ್ದಾಗ ಹಾಕಲಿಲ್ವಲ್ಲ, ಅದಕ್ಕೆ."

ಹಾಕಿದ. ಒಂದು ಸಾಲೂ ಓದಲಿಲ್ಲ. ಮನೆಗೆ ತಂದು ತೋರಿಸಿದಾಗ ಮಗಳು ಅತ್ತಳು. ನನಗೆ ಅಳು ಬರಲಿಲ್ಲ, ಹೇಸಿಗೆ ಬಂತು.

ಅನುಕಂಪದ ಮೇಲೆ ಅವರ ಕೆಲಸವನ್ನು ನನಗೆ ಕೊಟ್ಟರು. ನನಗೆ ಸಿಗುವ ಬಸ್ಸು ಬೇಗಿನದು, ಎಂಟಕ್ಕೆಲ್ಲ ಕಾಳು ಹಾಕುತ್ತೇನೆ. ಈಗ ಇಲಿಗಳು ಎಂಟಕ್ಕೆ ಬಾಗಿಲಿಗೆ ಬರುತ್ತವೆ. ಪ್ರೊಫೆಸರ್ ಬೋರ್ಡಿನ ಮೇಲೆ ಹತ್ತನ್ನು ಅಳಿಸಿ ಎಂಟು ಬರೆದಿದ್ದಾನೆ. ಹವೆ ಬದಲಾದದ್ದೇ ಕಾರಣವಂತೆ, ಅದರ ಮೇಲೆ ಹೊಸ ಲೇಖನವಂತೆ. ನಾನು ಹೇಳಲು ಹೋಗಿಲ್ಲ. ಹೇಳಿದವರು ಒಬ್ಬರಿದ್ದರು.

ಬೆಳಿಗ್ಗೆ ಬೀಗ ತೆಗೆದು, ನೆಂದ ಮರದ ಹೊಟ್ಟು ಗುಡಿಸಿ ಒಣಗಿದ್ದನ್ನು ಹಾಸುತ್ತೇನೆ. ಬಾಟಲಿಗಳನ್ನು ತೊಳೆದು ನೀರು ತುಂಬುತ್ತೇನೆ. ಆಮೇಲೆ ಕಾಳು, ಗೂಡಿಗೆ ಒಂದು ಹಿಡಿ.